ದಡ್ಡಿ ಸಾಲಿಯ ಕುರ್ಚಿ

ಶಿದ್ರಾಮ ಮಾಸ್ತರ ನಮ್ಮೂರಿಗೆ ಬಂದ ದಿನ ನಾನು ಕುರ್ಚಿಯನ್ನು ಒರೆಸಿ ಇಟ್ಟಿದ್ದೆ. ಅವನಿಗಾಗಿ ಅಲ್ಲ, ನನಗಾಗಿ.

ಕಲ್ಲಮಟ್ಟಿಯ ಕನ್ನಡ ಸಾಲಿಯಲ್ಲಿ ಮೂರು ವರ್ಷ ಹಂಗಾಮಿ ಹೆಡ್‌ಮಾಸ್ತರ ಆಗಿದ್ದವ ನಾನು, ಗುರಸಿದ್ದಪ್ಪ. ಹಳೆಯ ಮಾಸ್ತರರು ಪೆನ್ಷನ್ ಆಗಿ ಹುಕ್ಕೇರಿಗೆ ಹೋದ ಮೇಲೆ ಬಾಗಿಲ ಕೀಲಿ ನನ್ನ ಉಡಿದಾರದಲ್ಲಿತ್ತು. ಮುಲ್ಕಿ ಪರೀಕ್ಷೆ ಪಾಸಾದವ, ಅಕ್ಷರ ಮುತ್ತಿನಂಥವು ಎಂದು ಸಾಲಿ ತಪಾಸಣೆಗೆ ಬರುವ ದಿಪೋಟಿ ಸಾಹೇಬರಿಂದ ಅನಿಸಿಕೊಂಡವ. ಹುಕುಂ ಬರುವುದೊಂದೇ ಬಾಕಿ ಇತ್ತು; ಅದು ಬರುವತನಕ ಕುರ್ಚಿಯ ಮೇಲೆ ಕೂಡಬಾರದೆಂದು ಕಾದಿದ್ದೆ.

ಆ ಮುಂಜಾನೆ ಹೆಗಲ ಮೇಲೆ ಕರಿಕಂಬಳಿ ಹೊದ್ದವನೊಬ್ಬ ಬಾಗಿಲಲ್ಲಿ ನಿಂತ. ಕೆರ ಕಳೆದು ಹೊರಗಿಟ್ಟಿದ್ದ.

"ಕುರಿ ಕೊಳ್ಳೂದಿಲ್ಲಪಾ, ಮುಂದ ಹೋಗು" ಅಂದೆ.

"ಕುರಿ ತಂದಿಲ್ರಿ. ಹುಕುಂ ತಂದೇನಿ" ಅಂದ.

ಮಕ್ಕಳು ನಕ್ಕರು. ನನ್ನ ಕಡೆ ನೋಡಿ ನಕ್ಕರು. ಆ ನಗೆ ಇವತ್ತಿಗೂ ನನ್ನ ಕಿವಿಯಲ್ಲಿ ಕೂತಿದೆ.

ಮೂಡಲಗಿ ಕಡೆಯ ಕುರುಬರವ. ನನಗಿಂತ ಒಂಬತ್ತು ವರ್ಷ ಸಣ್ಣವ. ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿದ್ದ. ನಾನು ಎರಡನೆಯ ಮಾಸ್ತರನಾದೆ. ಇದೆಲ್ಲ ಹೇಗೋ ನುಂಗಬಹುದಿತ್ತು. ನುಂಗಲಾಗದ್ದು ಬೇರೆಯೇ ಇತ್ತು. ಅವನು ಕುರ್ಚಿಯ ಮೇಲೆ ಕೂಡಲಿಲ್ಲ. ಕೈಯಿಂದ ಅಲುಗಾಡಿಸಿ ನೋಡಿ, "ಒಂದು ಕಾಲು ಗಿಡ್ಡ ಐತಿ" ಎಂದು ಕಂಬಳಿಯನ್ನು ಅದರ ಬೆನ್ನಿಗೆ ಹಾಕಿ, ಒಂದನೆಯ ಯತ್ತೆಯ ಮಕ್ಕಳ ನಡುವೆ ನೆಲಕ್ಕೆ ಕೂತ. ನಾನು ಮೂರು ವರ್ಷ ಆಸೆಪಟ್ಟ ಜಾಗ ಅವನಿಗೆ ಕಂಬಳಿ ತೂಗುಹಾಕುವ ಗೂಟವಾಯಿತು.

ಸಾಲಿಯಲ್ಲಿ ನಲವತ್ತಾರು ಮಕ್ಕಳು. ಅವರಲ್ಲಿ ಹನ್ನೊಂದು ಹುಡುಗರು ಹೊಲೆಗೇರಿಯವರು. ಅವರು ಹೊರಗೆ, ಕಿಡಕಿಯ ಕೆಳಗಿನ ಕಟ್ಟೆಯ ಮೇಲೆ ಕೂಡುತ್ತಿದ್ದರು. ಅವರ ಪಾಟಿಯನ್ನು ನಾನು ಮುಟ್ಟುತ್ತಿರಲಿಲ್ಲ. ಕಿಡಕಿಯ ಸರಳುಗಳ ನಡುವೆ ಬೆತ್ತ ತೂರಿಸಿ, ತಪ್ಪಾದ ಅಕ್ಷರದ ಮೇಲೆ ಕುಟ್ಟುತ್ತಿದ್ದೆ. ಮಳೆ ಬಂದರೆ ಅವರಿಗೆ ಸಾಲಿ ಇಲ್ಲ. ನಾವು ಬಸವಣ್ಣನ ಒಕ್ಕಲು. ಮುಂಜಾನೆ ಅಂಗೈಯಲ್ಲಿ ಲಿಂಗ ಹಿಡಿದು ಎಲ್ಲರೂ ಒಂದೇ ಎಂದು ಕಣ್ಣು ಮುಚ್ಚುತ್ತಿದ್ದೆವು. ಕಣ್ಣು ತೆರೆದ ಮೇಲೆ ಹನ್ನೊಂದು ಮಕ್ಕಳನ್ನು ಬಿಸಿಲಿಗೆ ಕೂಡ್ರಿಸುತ್ತಿದ್ದೆವು. ಅದರಲ್ಲಿ ತಪ್ಪೇನೂ ನನಗೆ ಕಂಡಿರಲಿಲ್ಲ. ಕಾಣಬಾರದೆಂದೇ ಅಲ್ಲವೇ ಕಿಡಕಿಯನ್ನು ಅಷ್ಟು ಎತ್ತರಕ್ಕೆ ಇಟ್ಟದ್ದು?

ಅವನು ಬಂದು ಎರಡು ತಿಂಗಳಾಗಿರಲಿಲ್ಲ, ಊರಗೌಡ ಕೆಂಚಗೌಡರ ಕಾಳಿನ ಕೋಣೆಯಲ್ಲಿ ಇಲಿ ಸತ್ತು ಬಿತ್ತು. ಅದು ಸಾವಿರದ ಒಂಬೈನೂರ ಹನ್ನೊಂದನೆಯ ಇಸವಿ. ಮರುದಿನ ತಳವಾರನ ಮನೆಯಲ್ಲಿ ಬಿತ್ತು. ಪ್ಲೇಗಿನ ಹೆಸರು ಹೇಳಲು ಯಾರಿಗೂ ಧೈರ್ಯವಿಲ್ಲ, ಗಂಟಬ್ಯಾನಿ ಎನ್ನುತ್ತಿದ್ದರು. ಮೂರೇ ದಿನದಲ್ಲಿ ಊರು ಖಾಲಿಯಾಯಿತು. ಹೊಲಗಳಲ್ಲಿ ಜೋಪಡಿಗಳು ಎದ್ದವು. ಸಾವು ಬೆನ್ನು ಹತ್ತಿದ್ದರೂ ಜನ ಜಾತಿ ಮರೆಯಲಿಲ್ಲ. ಬಾವಿ ಇದ್ದ ತೋಟದಲ್ಲಿ ಗೌಡರು ಮತ್ತು ನಾವು, ಹಳ್ಳದ ಮೇಲ್ದಂಡೆಗೆ ಉಳಿದ ಒಕ್ಕಲಿಗರು, ಅದರಾಚೆ ಕುರುಬರು, ಆಮೇಲೆ ಬಡಿಗ ಕಂಬಾರರು. ಹೊಲೆಗೇರಿಗೆ ಹಳ್ಳದ ಕೆಳಗಿನ ಕಲ್ಲುಬಂಡೆ. ನಾವು ಬಳಸಿಬಿಟ್ಟ ನೀರು ಹರಿದುಹೋಗುವ ಕಡೆ.

ಲೋಕಲ್ ಬೋರ್ಡಿನ ಕಾಗದ ಬಂತು: ತಿಂಗಳಿಗೆ ಸರಾಸರಿ ಮೂವತ್ತು ಹಜೇರಿ ಬೀಳದಿದ್ದರೆ ಸಾಲಿ ಮುಚ್ಚಲಾಗುವುದು.

"ಮುಚ್ಚಿ ಬಿಡೂಣ್ರಿ" ಅಂದೆ ನಾನು. "ಊರೇ ಇಲ್ಲ, ಸಾಲಿ ಎಲ್ಲಿಂದ?"

ಶಿದ್ರಾಮ ತಲೆ ಕೆರೆದುಕೊಂಡ. "ಹುಡುಗರು ಊರು ಬಿಟ್ಟಾರ. ಸಾಲಿ ಯಾಕ ಊರಾಗ ಕುಂತೈತ್ರಿ? ಅದನ್ನೂ ಎಬ್ಬಸೂಣು."

ನಮ್ಮ ಕಡೆ ಸುಗ್ಗಿ ಮುಗಿದ ಹೊಲಗಳಲ್ಲಿ ಕುರುಬರು ದಡ್ಡಿ ಹಾಕುತ್ತಾರೆ. ಮುಳ್ಳುಕಂಟಿಯ ಬೇಲಿ ದುಂಡಗೆ ಸುತ್ತಿ, ಒಂದೇ ಬಾಯಿ ಬಿಟ್ಟು, ಕುರಿಗಳನ್ನು ಒಳಗೆ ನಿಲ್ಲಿಸುತ್ತಾರೆ. ಹೊಲಕ್ಕೆ ಗೊಬ್ಬರವಾಗುತ್ತದೆ. ನಾಲ್ಕು ದಿನಕ್ಕೊಮ್ಮೆ ದಡ್ಡಿ ಮುಂದಿನ ಹೊಲಕ್ಕೆ ಸರಿಯುತ್ತದೆ. ಶಿದ್ರಾಮ ಸಾಲಿಗೂ ಹಾಗೇ ದಡ್ಡಿ ಹಾಕಿದ. ಐದು ಕಡೆ ಜೋಪಡಿಗಳು, ಐದೂ ಕಡೆ ಪಾಳಿಯ ಪ್ರಕಾರ ನಾಲ್ಕು ನಾಲ್ಕು ದಿನ. ತಾನೇ ಕೊಡಲಿ ಹಿಡಿದು ಜಾಲಿಕಂಟಿ ಕಡಿದು ತಂದ. ಸರಕಾರದ ಸಾಮಾನೆಂದು ನಾನು ಹಟ ಹಿಡಿದದ್ದಕ್ಕೆ ಕುರ್ಚಿಯನ್ನು ತಳವಾರ ತಲೆಯ ಮೇಲೆ ಹೊತ್ತು ಹೊಲದಿಂದ ಹೊಲಕ್ಕೆ ಒಯ್ಯುತ್ತಿದ್ದ. ದಡ್ಡಿಯ ನಡುವೆ ಇಟ್ಟ ಕುರ್ಚಿ ಯಾವಾಗಲೂ ಖಾಲಿ. ಕೇರಿಯ ಯಲ್ಲಪ್ಪನ ಕಾಲಿಗೆ ಮುಳ್ಳು ಮುರಿದ ದಿನ ಮಾತ್ರ ತುಂಬಿತ್ತು. ಶಿದ್ರಾಮ ಆ ಹುಡುಗನನ್ನು ಎತ್ತಿ ಅದರ ಮೇಲೆ ಕೂಡ್ರಿಸಿ, ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಮುಳ್ಳು ತೆಗೆದ. ಆ ಸಂಜೆ ನಾನು ಹಳ್ಳದ ಉಸುಕಿನಿಂದ ಕುರ್ಚಿಯನ್ನು ತಿಕ್ಕಿ ತೊಳೆದೆ. ಅದು ಮಡಿಗಾಗಿ ಎಂದು ಹೆಂಡತಿಗೆ ಹೇಳಿದೆ. ಅಲ್ಲ. ಹತ್ತು ವರ್ಷದ ಹೊಲೆಯರ ಹುಡುಗ ನನಗಿಂತ ಮೊದಲು ಅದರ ಮೇಲೆ ಕೂತುಬಿಟ್ಟನಲ್ಲ ಎಂದು.

ಮುಂಜಾನೆ ಅವನು ದಡ್ಡಿಯ ಬಾಯಿಯಲ್ಲಿ ನಿಲ್ಲುತ್ತಿದ್ದ. ಮಕ್ಕಳು ಒಬ್ಬೊಬ್ಬರಾಗಿ ಒಳಗೆ ಹೋಗಬೇಕು. ಪ್ರತಿಯೊಬ್ಬರ ಕುತ್ತಿಗೆಗೆ ಅಂಗೈ ಹಚ್ಚಿ, ಬಗಲಲ್ಲಿ ಬೆರಳಿಟ್ಟು ನೋಡುತ್ತಿದ್ದ. ಜ್ವರ ಇದೆಯೇ, ಗಂಟು ಇದೆಯೇ ಎಂದು. ಗೌಡರ ಮಗುವಾದ ಮೇಲೆ ಕೇರಿಯ ಮಗು, ಕೇರಿಯ ಮಗುವಾದ ಮೇಲೆ ನನ್ನ ಮಗಳು ಚನ್ನವ್ವ. ಒಂದೇ ಅಂಗೈ.

ಎರಡನೆಯ ದಿನವೇ ಕೆಂಚಗೌಡರು ಬಡಿಗೆ ಊರಿಕೊಂಡು ಬಂದರು.

"ಏ ಮಾಸ್ತರ, ಅವರನ್ನ ಮುಟ್ಟಿದ ಕೈಲೆ ನನ್ನ ಮೊಮ್ಮಗನ್ನ ಮುಟ್ಟತಿ?"

"ಹೌದ್ರಿ ಗೌಡ್ರ. ನಿಮಗ ಮನಸ್ಸಿಗೆ ಬರದಿದ್ರ ನೀವ ನಿಂತು ಮುಟ್ಟಿ ನೋಡ್ರಿ. ನಲವತ್ತಾರು ಮಂದಿ ಅದಾರ. ನಾ ಅಲ್ಲೆ ನೆರಳಾಗ ಕುಂತಿರತೇನಿ."

ಗೌಡರು ಸಾಲಾಗಿ ನಿಂತ ಮಕ್ಕಳನ್ನು ನೋಡಿದರು. ಪ್ಲೇಗಿನ ಗಂಟು ತಮ್ಮ ಬೆರಳಿಗೆ ಸಿಕ್ಕೀತೆಂಬ ಹೆದರಿಕೆ ಅವರ ಮುಖದ ಮೇಲೆ ಬಂದು ಹೋಯಿತು. ಉಗುಳಿ ಹೊರಟರು.

ಎಲ್ಲರೂ ಒಳಗೆ ಬಂದ ಮೇಲೆ ಅವನು ಹಜೇರಿ ಪಟ ತೆರೆಯುತ್ತಿರಲಿಲ್ಲ. ಮಕ್ಕಳ ಕಡೆ ತಿರುಗಿ ಕೇಳುತ್ತಿದ್ದ: "ಯಾರಿಲ್ಲ?"

ಮಕ್ಕಳೇ ಹೇಳಬೇಕು. ತಮ್ಮ ಬಾಜೂ ಕೂಡುವವರು ಬಂದಿದ್ದಾರೋ ಇಲ್ಲವೋ ಅವರಿಗೇ ಗೊತ್ತು. ಯಾವ ಹೆಸರು ಬಂದರೂ ಇಡೀ ಸಾಲಿ ಎದ್ದು, ಪಾಟಿ ಬಗಲಲ್ಲಿ ಹಿಡಿದು, ಆ ಮಗುವಿನ ಜೋಪಡಿಗೆ ಹೋಗಬೇಕು. ಮಗುವಿನ ಮುಖ ನೋಡಿದ ಮೇಲೆಯೇ ಪಾಠ. ಇದೆಂಥ ಹುಚ್ಚು ಎಂದು ನಾನು ಅಂದಾಗ ಅವನು, "ಕುರಿ ಎಣಿಸಿ ನೋಡೂದಿಲ್ರಿ ನಮ್ಮ ಮಂದಿ. ಯಾವ ಕುರಿ ಮುಖ ಕಾಣವಲ್ದು ಅಂತ ನೋಡತೇವಿ. ಎಣಿಕಿ ಬರೊಬ್ಬರಿ ಬಂದ ದಿನಾನ ತೋಳ ಒಂದ ಒಯ್ದಿರತೈತಿ" ಅಂದ.

ಹಜೇರಿ ಪಟವನ್ನು ಮುತ್ತಿನಂಥ ಅಕ್ಷರಗಳಲ್ಲಿ ತುಂಬುವ ನನಗೆ ಅದು ಕೆನ್ನೆಗೆ ಹೊಡೆದಂತಾಯಿತು. ಬರದವರಿಗೂ ನಾನು 'ಹಾ' ಬರೆದು ಎಷ್ಟೋ ತಿಂಗಳು ದಾಟಿಸಿದ್ದೆ. ಆಗ ಎಲ್ಲ ಮಾಸ್ತರರೂ ಹಾಗೇ ಮಾಡುತ್ತಿದ್ದರು. ಅವನಿಗೆ ಅದು ಗೊತ್ತಿತ್ತೋ ಏನೋ. ಗೊತ್ತಿತ್ತು ಎಂದೇ ನಾನು ಹಿಡಿದೆ.

ಪಾಳಿ ಕೇರಿಯ ಕಲ್ಲುಬಂಡೆಗೆ ಬಂದ ದಿನ ಗೌಡರ ತೋಟದ ಮಕ್ಕಳು ಬರಲಿಲ್ಲ. ಚನ್ನವ್ವ ಮಾತ್ರ ಹೇಗೋ ನನ್ನ ಬೆನ್ನು ಹತ್ತಿ ಬಂದಿದ್ದಳು. ಈಗ ಸೋತ ಎಂದು ನನ್ನ ಎದೆ ಕುಣಿಯಿತು.

"ಯಾರಿಲ್ಲ?"

ಹದಿಮೂರು ಹೆಸರು ಬಂದವು.

"ನಡೀರಿ ಹಂಗಾರ" ಅಂದ.

ಮೂವತ್ತಮೂರು ಮಕ್ಕಳು ಹಳ್ಳ ದಾಟಿ ಗೌಡರ ತೋಟಕ್ಕೆ ಹೋಗಿ, ಕೆಂಚಗೌಡರ ಜೋಪಡಿಯ ಮುಂದೆ ದುಂಡಗೆ ಕೂತು ಮಗ್ಗಿ ಹೇಳತೊಡಗಿದರು. ಹನ್ನೊಂದು ಕೇರಿಯ ಹುಡುಗರು ಗೌಡರ ಹೊಚ್ಚಲಿನಿಂದ ಹತ್ತು ಮೊಳದಲ್ಲಿ. ಎಂದೂ ಅಷ್ಟು ಹತ್ತಿರ ಬಂದವರಲ್ಲ. ಗಂಟಲು ಹರಿಯುವಂತೆ ಒದರುತ್ತಿದ್ದರು. ಎರಡರ ಮಗ್ಗಿಯಿಂದ ಹದಿನೇಳರ ಮಗ್ಗಿಗೆ ಹೋಗುವಷ್ಟರಲ್ಲಿ ಗೌಡರು ಹೊರಗೆ ಬಂದು ತಲೆಯ ಮೇಲೆ ಕೈ ಇಟ್ಟುಕೊಂಡರು.

"ಎಬ್ಬಸ್ಕೊಂಡು ಹೋಗೋ ಮಾರಾಯಾ! ನಾಳಿಂದ ನಾ ಕಳಸತೇನಿ. ನನ್ನ ಬಾಗಲಾಗ ಮಾತ್ರ ಇದನ್ನ ಹಚ್ಚಬ್ಯಾಡ!"

"ಇನ್ನೂ ಹದಿನೆಂಟರದು ಉಳದೈತ್ರಿ."

"ಹೋಗೋ ಅಂದ್ರ!"

ಹದಿಮೂರು ಮಕ್ಕಳು ನಗುತ್ತ ಹೊರಗೆ ಓಡಿಬಂದು ಸಾಲಿನಲ್ಲಿ ಸೇರಿಕೊಂಡರು. ನಾನೂ ನಕ್ಕೆ. ಆದರೆ ಆ ಯುಕ್ತಿ ನನಗೆ ಹೊಳೆದಿರಲಿಲ್ಲ. ನೂರು ವರ್ಷ ಬದುಕಿದರೂ ಹೊಳೆಯುತ್ತಿರಲಿಲ್ಲ.

ಒಂದು ದಿನ ಸಿಟ್ಟಿನಿಂದ ನಾನೇ ಸಾಲಿಗೆ ಹೋಗಲಿಲ್ಲ. ಮಕ್ಕಳು ಹೇಳುವುದು ಮಕ್ಕಳ ಹೆಸರನ್ನಷ್ಟೇ ಎಂದು ತಿಳಿದಿದ್ದೆ. ಬಿಸಿಲೇರುವಷ್ಟರಲ್ಲಿ ಜೋಪಡಿಯ ಮುಂದೆ ನಲವತ್ತಾರು ಜೋಡಿ ಕಾಲು. ಮುಂದೆ ಶಿದ್ರಾಮ.

"ಗುರಸಿದ್ದಪ್ಪ ಮಾಸ್ತರ ಇಲ್ಲ ಅಂದ್ರು ಹುಡುಗರು. ಜ್ವರಾ ಏನ್ರಿ?"

ಅಷ್ಟೆಂದು, ನನ್ನ ಹೆಂಡತಿ ಇಂದ್ರವ್ವ ನೋಡುತ್ತಿದ್ದಂತೆ, ನನ್ನ ಕುತ್ತಿಗೆಗೂ ಅಂಗೈ ಹಚ್ಚಿದ. ತಣ್ಣಗಿನ, ಒರಟು ಕೈ. "ಏನಿಲ್ಲ ಬಿಡ್ರಿ" ಅಂದ. ಮಕ್ಕಳು ಕೇಕೆ ಹಾಕಿದರು. ಯಾರೋ ಒಬ್ಬ, "ಎರಡನೇ ಮಾಸ್ತರಗ ಸಾಲಿ ಕಳ್ಳಾಟ!" ಅಂದ. ಇಂದ್ರವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಸಂಜೆ ರೊಟ್ಟಿ ಬಡಿಯುತ್ತ, "ಒಬ್ಬನ ಇರತಾನ ಪಾಪ. ನಾಳಿಂದ ಅವಗೂ ಎರಡ ರೊಟ್ಟಿ ಕಟ್ಟಲೇನ್ರಿ?" ಎಂದು ಕೇಳಿದಳು.

ಯಾರಾದರೂ ನನ್ನನ್ನು ಹುಡುಕಿಕೊಂಡು ಬಂದದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಅವನನ್ನು ಮುಗಿಸಬೇಕೆಂದು ನಾನು ನಿಶ್ಚಯಿಸಿದ್ದೂ ಅದೇ ದಿನ.

ದಿಪೋಟಿ ಸಾಹೇಬರ ಲಖೋಟೆ ಬಂತು: ಬುಧವಾರ ಮುಂಜಾನೆ ಒಂಬತ್ತಕ್ಕೆ ಬರುತ್ತೇವೆ, ಸಾಲಿ ಇಡಬೇಕೋ ಮುಚ್ಚಬೇಕೋ ನೋಡುತ್ತೇವೆ. ಶಿದ್ರಾಮ ಅದನ್ನು ಓದಿ ನನ್ನ ಕೈಗೆ ಕೊಟ್ಟು, "ನೀವು ಹಳಬರು, ನಿಮ್ಮ ಮಾತು ಮಂದಿ ಕೇಳತಾರ. ಐದೂ ಕಡೆ ಹೋಗಿ ಹೇಳಿ ಬರ್ರಿ, ಬುಧವಾರ ಒಬ್ಬರೂ ತಪ್ಪಬಾರದು ಅಂತ" ಅಂದ.

ಐದೂ ಕಡೆ ಹೋದೆ. ಐದೂ ಕಡೆ ದನಿ ತಗ್ಗಿಸಿ ಒಂದೇ ಮಾತು ಹೇಳಿದೆ: "ಬುಧವಾರ ಸೂಜಿ ಡಾಕ್ಟರ ಬರಾಕತ್ತಾನ. ಸಾಲಿ ಹುಡುಗರಿಗೆಲ್ಲಾ ಸೂಜಿ ಚುಚ್ಚತಾರಂತ. ನಾ ಹೇಳಿದೆ ಅನಬ್ಯಾಡ್ರಿ."

ಆಗ ಜನ ಗಂಟಬ್ಯಾನಿಗಿಂತ ಸೂಜಿಗೆ ಹೆಚ್ಚು ಹೆದರುತ್ತಿದ್ದರು. ಚುಚ್ಚಿಸಿಕೊಂಡವ ಮೂರು ದಿನದಲ್ಲಿ ಸಾಯುತ್ತಾನೆ ಎಂಬ ಸುದ್ದಿ ಗೋಕಾಕದ ಸಂತೆಯಿಂದ ಹಳ್ಳಿಹಳ್ಳಿಗೆ ಬಂದಿತ್ತು. ಬುಧವಾರ ಒಂದು ಮಗುವೂ ಬರುವುದಿಲ್ಲ. ಸಾಹೇಬರು ಬಂದಾಗ ಖಾಲಿ ದಡ್ಡಿಯ ನಡುವೆ ಹೆಡ್‌ಮಾಸ್ತರ ಕೈ ಹಿಸುಕುತ್ತ ನಿಂತಿರುತ್ತಾನೆ. ಆಗ ನಾನು ಮುಂದೆ ಬಂದು, ಸಾಲಿ ಉಳಿಯಬೇಕಾದರೆ ಮಾಸ್ತರ ಬದಲಾಗಬೇಕು ಎಂದು ನಮ್ರವಾಗಿ ಅರಿಕೆ ಮಾಡಿಕೊಳ್ಳಬೇಕು. ಲೆಕ್ಕದಲ್ಲಿ ಒಂದೇ ತಪ್ಪಿತ್ತು. ಅವನ ಜಾಗದಲ್ಲಿ ನಾನು ನನ್ನನ್ನೇ ನಿಲ್ಲಿಸಿ ನೋಡಿದ್ದೆ.

ಬುಧವಾರ ಇಂದ್ರವ್ವನಿಗೆ, "ಚನ್ನಿ ಇವತ್ತ ಸಾಲಿಗೆ ಬರೂದ ಬ್ಯಾಡ" ಎಂದಷ್ಟೇ ಹೇಳಿ, ಸಾಹೇಬರನ್ನು ಎದುರುಗೊಳ್ಳಲು ಗೋಕಾಕದ ಹಾದಿಗೆ ಹೋದೆ. ಅವರ ಟಾಂಗಾದ ಹಿಂದೆ ಓಡುತ್ತ ದಡ್ಡಿಗೆ ಬಂದೆ. ಮಕ್ಕಳಿಲ್ಲ. ಎಣಿಸಿದಂತೆಯೇ ಆಗಿತ್ತು. ಆದರೆ ಹೆಡ್‌ಮಾಸ್ತರನೂ ಇರಲಿಲ್ಲ.

ಸಾಹೇಬರನ್ನು ಕುರ್ಚಿಯ ಮೇಲೆ ಕೂಡ್ರಿಸಿದೆ. ಅದು ಗಿಡ್ಡ ಕಾಲಿನ ಕಡೆಗೆ ವಾಲಿತು. ಒಂಬತ್ತು ಹೋಗಿ ಹತ್ತಾಯಿತು, ಹನ್ನೊಂದಾಯಿತು. ಸಾಹೇಬರ ಪಗಡಿಯ ಕೆಳಗೆ ಬೆವರು ಇಳಿಯಿತು. ನಾನು ಟಾವೆಲ್‌ನಿಂದ ಗಾಳಿ ಬೀಸುತ್ತ, "ಹಿಂಗ ಇರತಾರ್ರಿ ಅವರು, ದಿನಾ ಎಲ್ಲೆರೆ ಹೋಗತಿರತಾರ" ಎಂದು ಉಪ್ಪುಖಾರ ಹಚ್ಚಿದೆ.

ಹನ್ನೊಂದೂವರೆಗೆ ಅವನು ಹಳ್ಳ ಹತ್ತಿ ಬಂದ. ಹಿಂದೆ ಮಕ್ಕಳ ಉದ್ದ ಸಾಲು. ಕೇರಿಯ ಹುಡುಗರ ಮೈಯೆಲ್ಲ ಹಳ್ಳದ ಕೆಸರು, ಪೊದೆಯಲ್ಲಿ ಅಡಗಿಸಿದ್ದರಂತೆ. ಎಲ್ಲರಿಗಿಂತ ಹಿಂದೆ, ದೂರದಲ್ಲಿ, ಗೌಡರ ತೋಟದ ಮಕ್ಕಳು ಬರುತ್ತಿದ್ದರು. ಅವರಲ್ಲಿ ನನ್ನ ಚನ್ನವ್ವ, ಜಡೆಯ ತುಂಬ ಒಣಹುಲ್ಲು.

ಶಿದ್ರಾಮ ಸಾಹೇಬರಿಗೆ ಕೈ ಮುಗಿಯಲಿಲ್ಲ. ಬೆನ್ನ ಹಿಂದೆ ಕಟ್ಟಿಕೊಂಡ. ಆಮೇಲೆ ತಿಳಿಯಿತು, ಆ ಕೈ ಯಾರಿಗೂ ತಾಗಬಾರದೆಂದು ಹಾಗೆ ಮಾಡಿದ್ದ. ಸಾಹೇಬರಿಗೆ ಅದು ಸೊಕ್ಕಾಗಿ ಕಂಡಿತು.

"ನಾವು ಬರತೇವಂತ ಗೊತ್ತಿತ್ತೇನ್ರಿ?"

"ಗೊತ್ತಿತ್ರಿ."

"ಮತ್ತ ಎಲ್ಲಿ ಹೋಗಿದ್ರಿ?"

"ನಲವತ್ತಾರು ಹುಡುಗರು ಇರಲಿಲ್ರಿ, ಸಾಹೇಬ್ರ. ನೋಡಾಕ ಹೋಗಿದ್ದೆ."

"ನಾನಿದ್ದೆನಲ್ಲ ಇಲ್ಲೆ!"

ಶಿದ್ರಾಮ ಅವರ ಮುಖವನ್ನು, ಮಕ್ಕಳ ಮುಖ ನೋಡುವಂತೆಯೇ, ಒಂದು ಸಲ ನೋಡಿದ. "ನೀವು ಆರಾಮ ಇದ್ರಿ" ಅಂದ.

ಆಮೇಲೆ ಅವನು ಮಾಡಿದ್ದನ್ನು ಸಾಹೇಬರು ನಂಬಲಿಲ್ಲ. ಕೇರಿಯವರನ್ನು, ಕುರುಬರನ್ನು, ಉಳಿದವರನ್ನು ದಡ್ಡಿಯೊಳಗೆ ಕಳಿಸಿದ. ಗೌಡರ ತೋಟದ ಹದಿಮೂರು ಮಕ್ಕಳನ್ನು ಬೇಲಿಯ ಹೊರಗೆ, ಬಿಸಿಲಿನಲ್ಲಿ, ಬೇರೆಯಾಗಿ ಕೂಡ್ರಿಸಿದ. ತಾನೂ ಹೊರಗೇ ನಿಂತ.

"ಏನ್ರಿ ಇದು?" ಸಾಹೇಬರು ಎದ್ದು ನಿಂತರು. "ಗೌಡ್ರ ಮಕ್ಕಳು ಹೊರಗ, ಹೊಲೆಗೇರಿ ಮಕ್ಕಳು ಒಳಗ?"

"ಏಳು ದಿನ ಹಿಂಗ ಕುಂದ್ರಬೇಕ್ರಿ ಇವರು. ಮಲಗೌಡಗ ಗಂಟು ಎದ್ದೈತಿ."

ಮಲಗೌಡ ಕೆಂಚಗೌಡರ ಮೊಮ್ಮಗ. ಎರಡು ದಿನದಿಂದ ಅವನ ಬಗಲಲ್ಲಿ ಗಂಟು. ಸರಕಾರದವರು ಜೋಪಡಿ ಸುಡುತ್ತಾರೆ, ಹುಡುಗನನ್ನು ಒಯ್ಯುತ್ತಾರೆ ಎಂದು ಗೌಡರು ಅವನನ್ನು ಮೇವಿನ ಗುಡಿಸಲಿನಲ್ಲಿ ಮುಚ್ಚಿಟ್ಟಿದ್ದರು. ಹುಡುಕಿಕೊಂಡು ಬಂದ ಸಾಲಿಯನ್ನು, ನೆಂಟರ ಊರಿಗೆ ಹೋಗಿದ್ದಾನೆಂದು ಹೇಳಿ ತಿರುಗಿಸಿ ಕಳಿಸಿದ್ದರು. ಬುಧವಾರ ಸೂಜಿಯ ಭಯದಿಂದ ತೋಟದ ಹೆಂಗಸರೆಲ್ಲ ತಮ್ಮ ಮಕ್ಕಳನ್ನು ಅದೇ ಗುಡಿಸಲಿಗೆ ದಬ್ಬಿ, ಮೇಲೆ ಹುಲ್ಲು ಎಳೆದರು. ಒಳಗೆ ಏನಿದೆ ಎಂದು ಗೌಡರ ಸೊಸೆಗೆ ಗೊತ್ತಿತ್ತು. ಹೇಳಿದರೆ ಗುಟ್ಟು ಹೊರಗೆ. ಬಾಯಿ ಮುಚ್ಚಿಕೊಂಡು ನಿಂತಿದ್ದಳು. ನೆರೆಯವರ ಮಾತು ಕೇಳಿ ಇಂದ್ರವ್ವನೂ ಚನ್ನವ್ವನನ್ನು ಅಲ್ಲಿಗೇ ಕಳಿಸಿದ್ದಳು. ನನ್ನ ಮಗಳು ಎರಡು ತಾಸು ಪ್ಲೇಗಿನ ಮಗ್ಗುಲಲ್ಲಿ, ನನ್ನದೇ ಮಾತು ಹೊದ್ದುಕೊಂಡು ಮಲಗಿದ್ದಳು.

ಶಿದ್ರಾಮ ಹುಲ್ಲು ಕಿತ್ತು ಮಕ್ಕಳನ್ನು ಹೊರಗೆಳೆದಿದ್ದ. ಮಲಗೌಡನನ್ನು ತಾನೇ ಎತ್ತಿಕೊಂಡು ಬಯಲಿನ ಬೇವಿನ ನೆರಳಿಗೆ ಒಯ್ದಿದ್ದ. ಗೌಡರು ಬಡಿಗೆ ಎತ್ತಿದರಂತೆ. ಇವನು ಬೆನ್ನು ಕೊಟ್ಟು ನಡೆದನಂತೆ.

ಸಾಹೇಬರು ಟಾಂಗಾ ಹತ್ತುವಾಗ ನನ್ನನ್ನು ಕರೆದು ಹೆಸರು, ಸರ್ವಿಸು ಕೇಳಿ ಬರೆದುಕೊಂಡರು. ಮೂರು ವರ್ಷದಿಂದ ಕಾದ ಗಳಿಗೆ. ಆದರೆ ನಾನು ಚನ್ನವ್ವನನ್ನೇ ನೋಡುತ್ತಿದ್ದೆ. ಅವಳ ಹತ್ತಿರ ಹೋಗಲು ಅವನು ಬಿಡಲಿಲ್ಲ.

"ಏಳು ದಿನ ನಾನೂ ಹೊರಗ ಇರಬೇಕು, ಆ ಹುಡುಗನ್ನ ಎತ್ತೇನಿ" ಅಂದ. "ಬಾಯಾಗ ನಿಲ್ಲೂದು ನಿಮ್ಮ ಕೆಲಸ. ಕುತ್ತಿಗಿ ನೋಡ್ರಿ, ಬಗಲು ನೋಡ್ರಿ. ಬಿಡಬ್ಯಾಡ್ರಿ ಒಬ್ಬರನ್ನೂ."

ಮರುದಿನ ನಾನು ದಡ್ಡಿಯ ಬಾಯಿಯಲ್ಲಿ ನಿಂತೆ. ಮೊದಲು ಬಂದವ ಯಲ್ಲಪ್ಪ. ನಾನು ಕೈ ಎತ್ತಿದ ಕೂಡಲೇ ಕಣ್ಣು ಗಟ್ಟಿಯಾಗಿ ಮುಚ್ಚಿ, ಹೆಗಲನ್ನು ಕಿವಿಯವರೆಗೆ ಏರಿಸಿದ. ಹೊಡೆಯುತ್ತೇನೆಂದು. ನಾಲ್ಕು ವರ್ಷ ನನ್ನ ಕೈಯಿಂದ ಅವನಿಗೆ ಬಂದದ್ದು ಬೆತ್ತದ ತುದಿ ಮಾತ್ರ. ಕುತ್ತಿಗೆಗೆ ಅಂಗೈ ಹಚ್ಚಿದೆ. ಬಿಸಿ ಇದೆಯೋ ಇಲ್ಲವೋ ತಿಳಿಯಲಿಲ್ಲ. ಮತ್ತೊಮ್ಮೆ ಹಚ್ಚಿದೆ. ಬೇಲಿಯಾಚೆ ಶಿದ್ರಾಮ ಹದಿಮೂರು ಮಕ್ಕಳಿಗೆ ಕಥೆ ಹೇಳುತ್ತಿದ್ದ. ಚನ್ನವ್ವ ಹೊಟ್ಟೆ ಹಿಡಿದು ನಗುತ್ತಿದ್ದಳು. ಹಾಳು ಹೊಟ್ಟೆಕಿಚ್ಚು ಆಗಲೂ ಸಾಯಲಿಲ್ಲ. ಮಗಳು ಉಳಿದರೆ ಸಾಕು ಎಂದು ಬೇಡುತ್ತ, ಅದೇ ಉಸಿರಿನಲ್ಲಿ, ನನ್ನ ಮಾತಿಗೆ ಅವಳು ಹಾಗೆ ಎಂದಾದರೂ ನಕ್ಕಿದ್ದಳೇ ಎಂದು ನೆನಪಿಸಿಕೊಳ್ಳುತ್ತಿದ್ದೆ.

ಮಲಗೌಡ ಮೂರನೆಯ ದಿನ ತೀರಿಕೊಂಡ. ಹದಿಮೂರರಲ್ಲಿ ಒಬ್ಬರಿಗೂ ಗಂಟು ಏಳಲಿಲ್ಲ.

ಎರಡು ಅರ್ಜಿ ಹೋದವು. ಒಂದು ಕೆಂಚಗೌಡರದು: ಮಾಸ್ತರ ಬಿಸಿಲಿಗೆ ಎತ್ತಿ ಒಯ್ದು ಮೊಮ್ಮಗನನ್ನು ಕೊಂದ, ಒಕ್ಕಲಿಗರ ಮಕ್ಕಳನ್ನು ಹೊರಗೆ ಕೂಡ್ರಿಸಿ ಹೊಲೆಯರನ್ನು ಒಳಗೆ ಕೂಡ್ರಿಸಿದ. ಆ ಅರ್ಜಿಯ ಅಕ್ಷರಗಳು ಮುತ್ತಿನಂಥವು; ಬರೆದವ ನಾನು. ಗೌಡರು ಜೋಪಡಿಗೆ ಬಂದು ಕೂತು ಬರೆ ಎಂದರು, ಬರೆದೆ. ಅವರು ಒತ್ತಾಯ ಮಾಡಿದರು ಎಂದು ಬಹಳ ವರ್ಷ ಹೇಳಿಕೊಂಡೆ. ಮಾಡಿರಲಿಲ್ಲ. ಇನ್ನೊಂದು ಅರ್ಜಿ ಕೇರಿಯವರದು, ಮಾಸ್ತರನನ್ನು ಇಲ್ಲೇ ಇಡಿರಿ ಎಂದು. ಅದರ ಅಕ್ಷರ ಸೊಟ್ಟ. ಯಲ್ಲಪ್ಪ ಬರೆದಿದ್ದ. ಅದಕ್ಕೆ ಉತ್ತರ ಬರಲಿಲ್ಲ. ಬೋರ್ಡಿಗೆ ನೇರವಾದ ಅಕ್ಷರದ ಸುಳ್ಳು ಓದಲು ಬರುತ್ತದೆ.

ಹೋಳಿಯ ಹೊತ್ತಿಗೆ ಜನ ಮನೆಗಳಿಗೆ ಸುಣ್ಣ ಹೊಡೆದು ಊರಿಗೆ ಮರಳಿದರು. ಹುಕುಂ ಬಂತು. ಶಿದ್ರಾಮನನ್ನು ಮೂಡಲಗಿ ಆಚೆಯ ಒಂದು ಹಳ್ಳಿಗೆ ಎರಡನೆಯ ಮಾಸ್ತರನನ್ನಾಗಿ ಮಾಡಿ ಒಗೆದಿದ್ದರು. ಕಲ್ಲಮಟ್ಟಿಗೆ ಹೆಡ್‌ಮಾಸ್ತರ ಗುರಸಿದ್ದಪ್ಪ.

ಅವನು ಕೀಲಿ ಕೊಡಲು ಬಂದಾಗ ಸಾಲಿಯಲ್ಲಿ ನಾವಿಬ್ಬರೇ.

"ಸೂಜಿ ಮಾತು ಯಾರು ಹೇಳಿದ್ರಂತ ನಿಮಗ ಗೊತ್ತಾತೇನ್ರಿ?" ಎಂದು ಕೇಳಿದೆ. ಯಾಕೆ ಕೇಳಿದೆನೋ.

"ಅವತ್ತ ಗೊತ್ತಾತು. ಐದೂ ಕಡೆ ಹೇಳಿದ್ರು."

"ಮತ್ತ ಸಾಹೇಬ್ರಿಗೆ ಯಾಕ ಹೇಳಲಿಲ್ಲ?"

"ನನ್ನ ಹೆಂಗಿದ್ರೂ ತಗೀತಿದ್ರು. ಹೇಳಿದ್ರ ನಿಮ್ಮನ್ನೂ ತಗೀತಿದ್ರು. ಸಾಲಿಗೆ ಒಬ್ಬರಾದ್ರೂ ಬೇಕಲ್ರಿ." ಕಂಬಳಿ ಹೆಗಲಿಗೇರಿಸಿ, ಕುರ್ಚಿಯನ್ನು ಒಮ್ಮೆ ಅಲುಗಾಡಿಸಿದ. "ಗಿಡ್ಡ ಕಾಲಿಗೆ ಒಂದು ಚಕ್ಕಿ ಇಡ್ರಿ."

ಅವನು ಬೈದಿದ್ದರೆ ನಾನು ಗೆಲ್ಲುತ್ತಿದ್ದೆ. ಬೈಯಲಿಲ್ಲ.

ಸಾಲಿ ತೆರೆದ ದಿನ ಚಕ್ಕೆ ಇಟ್ಟು ಕುರ್ಚಿಯ ಮೇಲೆ ಕೂತೆ. ಅಲುಗಾಡಲಿಲ್ಲ. ಮಕ್ಕಳು ಒಟ್ಟಿಗೇ ಒಳಗೆ ಬಂದು, ಹೊಲದಲ್ಲಿ ಕೂತಂತೆಯೇ ಬೆರೆತು ಕೂತರು. ಬೆತ್ತದಿಂದ ಕಿಡಕಿ ತೋರಿಸಿದೆ. ಒಬ್ಬರೂ ಮಿಸುಕಲಿಲ್ಲ. ಮತ್ತೆ ತೋರಿಸಿದೆ. ಯಲ್ಲಪ್ಪ ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಹತ್ತು ಮಂದಿ ಅವನ ಹಿಂದೆ ಹೋದರು. ಹಜೇರಿ ಪಟ ತೆರೆದು ಕೂಗಿದೆ. ನಲವತ್ತೈದು ಹೆಸರಿಗೆ ನಲವತ್ತೈದು ಹಾಜರಿ. ಎಲ್ಲದರ ಮುಂದೆ ದುಂಡಗೆ 'ಹಾ' ಬರೆದು ಮುಚ್ಚಿದೆ.

"ಪಾಟಿ ತಗೀರಿ."

ಯಾರೂ ತೆಗೆಯಲಿಲ್ಲ. ಚನ್ನವ್ವ ಎದ್ದು ನಿಂತಳು.

"ಮಾಸ್ತರ, ಯಾರಿಲ್ಲ ಅಂತ ಕೇಳ್ಲೇ ಇಲ್ರಿ."

"ಎಲ್ಲಾರೂ ಬಂದಾರ. ಕುಂದರು."

"ಮಲಗೌಡ ಇಲ್ರಿ" ಅಂತು ಒಂದು ದನಿ. ಯಾರೋ ಬಿಕ್ಕಿದರು. ಆಮೇಲೆ ಕಿಡಕಿಯ ಸರಳುಗಳ ನಡುವಿನಿಂದ ಯಲ್ಲಪ್ಪ ಹೇಳಿದ:

"ಶಿದ್ರಾಮ ಮಾಸ್ತರ ಇಲ್ರಿ."

ನಲವತ್ತೈದು ಮಕ್ಕಳು ಪಾಟಿ ಬಗಲಲ್ಲಿ ಹಿಡಿದು ಎದ್ದರು. ಗದ್ದಲ ಮಾಡಲಿಲ್ಲ, ಓಡಲಿಲ್ಲ. ಯಾರಾದರೂ ಇಲ್ಲದಿದ್ದರೆ ಏನು ಮಾಡಬೇಕೋ ಅದನ್ನು ಮಾಡಿದರು. ಬಾಗಿಲಲ್ಲಿ ಗೌಡರ ಮಕ್ಕಳು, ಕಟ್ಟೆಯಿಂದ ಇಳಿದ ಕೇರಿಯ ಹುಡುಗರು ಒಂದೇ ಸಾಲಾದರು. ನಾನು ಬೆತ್ತ ಕುಟ್ಟಿದೆ, ಒದರಿದೆ. ಶಿದ್ರಾಮ ಹೋದ ಗೋಕಾಕದ ಹಾದಿಯ ಧೂಳು ಮೇಲೆದ್ದದ್ದು ಕಿಡಕಿಯಿಂದ ಕಾಣಿಸಿತು.

ಮಧ್ಯಾಹ್ನದ ನಂತರ ತಂದೆ ತಾಯಿಗಳು ನಾಲ್ಕು ಮೈಲಿನಾಚೆ ಹೋಗಿ ಅವರನ್ನು ತಿರುಗಿಸಿ ತಂದರಂತೆ. ಗೌಡರು ತಮ್ಮವರನ್ನು ಕಿವಿ ಹಿಡಿದು, ಕೇರಿಯವರು ತಮ್ಮವರನ್ನು ಹೆಗಲ ಮೇಲೆ. ಚನ್ನವ್ವ ಹೊತ್ತು ಇಳಿಯುವಾಗ ಅಂಗಾಲಲ್ಲಿ ಬೊಕ್ಕೆ ಎದ್ದು ಕುಂಟುತ್ತ ಬಂದಳು. ಇಂದ್ರವ್ವ ನನ್ನ ಕಡೆ ನೋಡದೆ, ಮಗಳ ಕಾಲಿಗೆ ಎಣ್ಣೆ ಹಚ್ಚತೊಡಗಿದಳು.

ನಾನು ಹತ್ತಿರ ಕೂತೆ. ಬೈಯಬೇಕೆಂದಿದ್ದೆ. ಬಾಯಿಗೆ ಬಂದದ್ದು ಬೇರೆ.

"ಚನ್ನಿ, ನಾಳೆ ನಾ ಸಾಲಿಗೆ ಬರಲಿಲ್ಲಂದ್ರ, ನನ್ನ ಹುಡುಕಾಕ ಹಿಂಗ ಬರತೀರೇನ?"

ಅವಳು ಕಾಲು ಹಿಂದಕ್ಕೆ ಎಳೆದುಕೊಂಡು ಯೋಚಿಸಿದಳು. ಸುಳ್ಳು ಹೇಳುವ ವಯಸ್ಸಲ್ಲ ಅವಳದು.

"ನಿನ್ನ ಯಾಕ ಹುಡಕಬೇಕು, ಅಪ್ಪಾ?" ಅಂದಳು. "ನೀ ಎಲ್ಲಿರತಿ ಅಂತ ಎಲ್ಲಾರಿಗೂ ಗೊತ್ತೈತಿ. ಕುರ್ಚಿ ಮ್ಯಾಲ."